ಐದು ಲೀಟರ್ ಪೆಟ್ರೋಲಿಗೆ ಕಾರಣ ಬರೆಯದವರು

...ಅಥವಾ ಅದು ಬಾಟಲಿಯೇ ಅಲ್ಲದಿರಬಹುದು, ಸ್ಟೀಲಿನ ಚೊಂಬು ಇದ್ದಿರಬಹುದು. ನನ್ನ ನೆನಪಿನಲ್ಲಿ ಹಸಿರು ಮುಚ್ಚಳದ ಬಾಟಲಿ ಇದೆ. ಆದರೆ ಹಸಿರು ಮುಚ್ಚಳದ ಬಾಟಲಿಯೊಂದು ಈಗ ನನ್ನ ಮೇಜಿನ ಮೇಲೂ ಇದೆ, ಹಾಗಾಗಿ ನೆನಪು ಅದನ್ನು ಇಲ್ಲಿಂದಲೇ ಎತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ನಂಬಬಹುದಾದದ್ದು ಎಣಿಕೆಯನ್ನು ಮಾತ್ರ. ಘಾಜಿಯಾಬಾದಿನ ಆ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಅವರು ನೀರಿನ ಫಿಲ್ಟರಿನ ನಲ್ಲಿ ತೆರೆದು, ಬಾಟಲಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನು ಮಾತಾಡುತ್ತಿದ್ದೆ. ಅವರು ತುಟಿಯೊಳಗೆ ಎಣಿಸುತ್ತಿದ್ದರು, ಅಂದರೆ ನನ್ನ ಮಾತು ಕೇಳುತ್ತಿರಲಿಲ್ಲ. ನಲವತ್ತಕ್ಕೆ ಕೈ ತಾನಾಗಿ ಹಿಂದೆ ಹೋಗಿ ನಲ್ಲಿ ಮುಚ್ಚುತ್ತಿತ್ತು. ಬಾಟಲಿ ಕುತ್ತಿಗೆಯವರೆಗೆ ತುಂಬಿರುತ್ತಿತ್ತು.

ಒಂದು ದಿನ ಫಿಲ್ಟರಿನವನು ಬಂದು ಹೊಸ ಕ್ಯಾಂಡಲ್ ಹಾಕಿ ಹೋದ. ನೀರಿನ ಧಾರೆ ಜೋರಾಯಿತು. ಮೂವತ್ತಕ್ಕೇ ಬಾಟಲಿ ತುಂಬಿ ಕಟ್ಟೆಯ ಮೇಲೆ ಹರಿದು ಅವರ ಪಾದ ಒದ್ದೆಯಾಯಿತು. ಅವರು ನಲವತ್ತರವರೆಗೂ ಎಣಿಸಿಯೇ ನಲ್ಲಿ ಮುಚ್ಚಿದರು. ಆಮೇಲೆ ನೆಲ ನೋಡಿ ನಕ್ಕು, "ಕಾರಿನ ಡಿಸ್‌ಪ್ಲೇ ಮಾಡುದು ಇದನ್ನೇ ಮಾರಾಯ. ನಲ್ಲಿ ಎಷ್ಟು ಹೊತ್ತು ತೆರೆದಿತ್ತು ಅಂತ ಮಾತ್ರ ಅದಕ್ಕೆ ಗೊತ್ತುಂಟು. ಬಾಟಲಿ ಅದು ನೋಡುದಿಲ್ಲ," ಅಂದರು.

ಇದು ಡ್ರೈವರ್ ಶಿವಚರಣ್ ವಿಷಯಕ್ಕಿಂತ ಮೊದಲು ನಡೆದದ್ದೋ ಆಮೇಲೋ ಹೇಳಲಾರೆ. ಬಹುಶಃ ಆಮೇಲೆ. ಮೊದಲು ಇಟ್ಟರೆ ಓದುವವರಿಗೆ ಅನುಕೂಲ, ಅದಕ್ಕೇ ಮೊದಲು ಇಟ್ಟಿದ್ದೇನೆ. ಇದನ್ನು ಹೇಳದೆ ಮುಂದೆ ಹೋದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಕಳೆದ ತಿಂಗಳು ಅವರು ಮಂಗಳೂರಿನಲ್ಲಿ ತೀರಿಕೊಂಡರು. ಇಲ್ಲಿ ದೆಹಲಿಯ ಕನ್ನಡದವರು ಹೊರತರುವ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಹೆಸರು ಹಾಕುತ್ತಿಲ್ಲ. ಗೊತ್ತಿದ್ದವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗಿರುತ್ತದೆ.

ನಾನು ತುಮಕೂರಿನಿಂದ ಬಂದು ಓಖ್ಲಾದ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಅಡ್ಮಿನ್ ಕೆಲಸಕ್ಕೆ ಸೇರಿದ್ದೆ. ಬಾಡಿಗೆ ಕಡಿಮೆ ಎಂದು ಘಾಜಿಯಾಬಾದಿನಲ್ಲಿ ಮನೆ. ನಾನು ಎರಡನೇ ಮಹಡಿ, ಅವರು ನನ್ನ ತಲೆಯ ಮೇಲೆ. ಗುರುಗ್ರಾಮದ ಕಡೆ ಕಾರುಗಳ ಮೀಟರ್ ಫಲಕ ತಯಾರಿಸುವ ಒಂದು ಕಂಪನಿಯಲ್ಲಿ ಅವರು ಎಂಜಿನಿಯರ್. ಸ್ಟಿಯರಿಂಗ್ ಹಿಂದಿನ ಆ ಪುಟ್ಟ ಪರದೆಯ ಮೇಲೆ ಮೂಡುವ ಅಂಕಿಗಳು ಎಷ್ಟು ನಿಜ ಎಂದು ಪರೀಕ್ಷಿಸುವುದು ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಲೈಸೆನ್ಸ್ ಕೂಡ ಇರಲಿಲ್ಲ. ಯಾರಾದರೂ ಆಶ್ಚರ್ಯಪಟ್ಟರೆ, "ಥರ್ಮಾಮೀಟರ್ ಮಾಡುವವನಿಗೆ ಜ್ವರ ಬರಬೇಕು ಅಂತ ಉಂಟಾ?" ಎನ್ನುತ್ತಿದ್ದರು.

ಕೆಳಗೆ ತಳ್ಳುಗಾಡಿಯ ತರಕಾರಿಯವನು 'ಆಂಟೀಜಿ' ಎಂದು ಕೂಗಿದರೆ, ಯಾರ ಆಂಟಿ ಎಂದು ಹಿಂದಿಯಲ್ಲೇ ಕೇಳಿ ಅವನ ವಯಸ್ಸನ್ನೂ ವಿಚಾರಿಸುತ್ತಿದ್ದರು. ಅವನು ತೂಕ ಮಾಡುವ ಮೊದಲು ಖಾಲಿ ತಕ್ಕಡಿ ಎತ್ತಿ ತೋರಿಸಬೇಕು. ಕಾಲು ಕಿಲೋ ಹಸಿಮೆಣಸಿಗೂ ಇದೇ ವಿಧಿ. ಅವನು ಕೊನೆಕೊನೆಗೆ ಅವರನ್ನು ಕಂಡ ಕೂಡಲೇ, ಮಾತಿಗೂ ಮೊದಲೇ, ಖಾಲಿ ತಕ್ಕಡಿ ಎತ್ತಿ ಹಿಡಿದು ನಿಲ್ಲುತ್ತಿದ್ದ, ಸೆಲ್ಯೂಟ್ ಹೊಡೆದ ಹಾಗೆ.

ನಾನು ಬರೆಯುತ್ತಾ ಹೋದಂತೆ ಅವರು ತೀರಾ ನೇರವಾಗುತ್ತಿದ್ದಾರೆ. ಅಷ್ಟೊಂದು ನೇರ ಮನುಷ್ಯರೇನಲ್ಲ. ಮನೆಯಲ್ಲೇ ರುಬ್ಬಿದ್ದು ಎಂದು ನಮಗೆಲ್ಲ ಬಡಿಸುತ್ತಿದ್ದ ದೋಸೆಯ ಹಿಟ್ಟು ಪ್ಯಾಕೆಟಿನದು. ಕಸದ ಚೀಲದಲ್ಲಿ ಆ ಪ್ಯಾಕೆಟ್ಟನ್ನು ನಾನೇ ನೋಡಿದ್ದೇನೆ. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ, ಒಪ್ಪಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಇನ್ನು ಶಿವಚರಣ್. ನಮ್ಮ ಆಫೀಸಿನ ಸಾಹೇಬರ ಗಾಡಿಯ ಡ್ರೈವರ್. ಬುಲಂದ್‌ಶಹರ್ ಕಡೆಯವರು, ಐವತ್ತು ದಾಟಿದವರು. ಪ್ರತಿದಿನ ಸಂಜೆ ಗಾಡಿ ನಿಲ್ಲಿಸಿದ ಮೇಲೆ ರಿಜಿಸ್ಟರಿನಲ್ಲಿ ಎರಡು ಅಂಕಿ ಬರೆಯಬೇಕು: ಆ ದಿನ ಓಡಿದ ಕಿಲೋಮೀಟರ್, ಮತ್ತು ಡಿಸ್‌ಪ್ಲೇ ತೋರಿಸಿದ 'ಆವರೇಜ್'. ಉತ್ತರದಲ್ಲಿ ಮೈಲೇಜಿಗೆ ಹಾಗೇ ಹೇಳುತ್ತಾರೆ, ಗಾಡಿ ಎಷ್ಟು ಆವರೇಜ್ ಕೊಡುತ್ತದೆ ಎಂದು. ಲೀಟರಿಗೆ ಇಷ್ಟು ಕಿಲೋಮೀಟರ್. ಮರುದಿನ ಬೆಳಗ್ಗೆ ಬಟನ್ ಒತ್ತಿ ಅದನ್ನು ಸೊನ್ನೆಗೆ ತರಬೇಕು.

ಪೆಟ್ರೋಲ್ ಬಂಕಿನಿಂದ ತಿಂಗಳ ಕೊನೆಗೆ ಎಷ್ಟು ಲೀಟರ್ ಹಾಕಿಸಿದ್ದೇವೆ ಎಂಬ ಪಟ್ಟಿ ಬರುತ್ತಿತ್ತು. ಎರಡನ್ನೂ ತಾಳೆ ನೋಡು ಎಂದು ಮ್ಯಾನೇಜರ್ ನನಗೆ ಹೇಳಿದರು. ನಾನು ಹುರುಪಿನಿಂದ ಕೂತೆ. ಇಪ್ಪತ್ತಾರು ದಿನಗಳ ಆವರೇಜ್ ಕೂಡಿಸಿ ಇಪ್ಪತ್ತಾರರಿಂದ ಭಾಗಿಸಿದೆ. ಹದಿನೈದೂವರೆ ಚಿಲ್ಲರೆ ಬಂತು. ಗಾಡಿ ಓಡಿದ್ದು ಸಾವಿರದ ಒಂಬೈನೂರ ಐವತ್ತು ಕಿಲೋಮೀಟರ್. ಆ ಲೆಕ್ಕದಲ್ಲಿ ನೂರ ಇಪ್ಪತ್ತೈದು ಲೀಟರ್ ಸಾಕಿತ್ತು. ಬಂಕಿನ ಪಟ್ಟಿಯಲ್ಲಿ ನೂರ ಐವತ್ತು ಇತ್ತು.

ಇಪ್ಪತ್ತೈದು ಲೀಟರ್ ಇಲ್ಲ. ನಾನು ಅದನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ಮ್ಯಾನೇಜರಿಗೆ ಕೊಟ್ಟೆ. ಪೈಪ್ ಹಾಕಿ ತೆಗೆಯುತ್ತಾನೆ, ಇವರೆಲ್ಲ ಹೀಗೇ, ಎಂದರು ಅವರು. ಸಾಹೇಬರಿಗೆ ಶಿವಚರಣ್ ಮೇಲೆ ಸ್ವಲ್ಪ ಪ್ರೀತಿ ಇತ್ತು. ಅದಕ್ಕಾಗಿ ಇನ್ನೊಂದು ತಿಂಗಳು ಕಾಯುವುದು, ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ದರೆ ಕೆಲಸ ಬಿಡಿಸುವುದು ಎಂದು ನಿರ್ಧಾರವಾಯಿತು.

ಮರುದಿನ ಶಿವಚರಣ್ ನನ್ನ ಮೇಜಿನ ಎದುರು ನಿಂತು, ಬೇಟಾ, ನಾನು ತೆಗೆದಿಲ್ಲ ಎಂದಷ್ಟೇ ಹೇಳಿ ಹೋದರು. ಅತ್ತರು ಎಂದು ಬಹಳ ಕಾಲ ನನಗೆ ನೆನಪಿತ್ತು. ಅತ್ತಿರಲಿಕ್ಕಿಲ್ಲ. ನನಗೆ ಕಸಿವಿಸಿಯಾಗಲು ಅಳು ಬೇಕಿತ್ತು ಅನ್ನಿಸುತ್ತದೆ, ಆಮೇಲೆ ಸೇರಿಸಿಕೊಂಡಿದ್ದೇನೆ.

ಆ ಶುಕ್ರವಾರ ಹಾಳೆಯನ್ನು ಹಿಡಿದು ಮೂರನೇ ಮಹಡಿಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದು ಎಂತ?"

"ಸರಾಸರಿ, ಅಕ್ಕ."

"ಯಾವುದರದ್ದು?"

"ದಿನದಿನದ ಸರಾಸರಿಗಳದ್ದು."

ಅವರು ಹಾಳೆ ಕೆಳಗಿಟ್ಟು ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವುದಿಲ್ಲ. ಬಿ.ಕಾಂ. ಎಲ್ಲಿ ಮಾಡಿದೆ ಎಂದು ಕೇಳಿದರು. ಆಮೇಲೆ ಹಾಳೆಯ ಹಿಂದೆ ಬರೆದು ತೋರಿಸಿದರು. ಸೋಮವಾರ ಜಾಮಿನಲ್ಲಿ ತೊಂಬತ್ತು ಕಿಲೋಮೀಟರ್ ಹೋಗಿ ಲೀಟರಿಗೆ ಹತ್ತು ಬಂದರೆ ಒಂಬತ್ತು ಲೀಟರ್ ಖರ್ಚು. ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಸಾಹೇಬರನ್ನು ಗಾಲ್ಫಿಗೆ ಬಿಟ್ಟು ಬಂದದ್ದು ಇಪ್ಪತ್ತು ಕಿಲೋಮೀಟರ್, ಲೀಟರಿಗೆ ಇಪ್ಪತ್ತು, ಒಂದು ಲೀಟರ್. ಹತ್ತು ಲೀಟರಿಗೆ ನೂರ ಹತ್ತು ಕಿಲೋಮೀಟರ್, ಅಂದರೆ ಹನ್ನೊಂದು. ನನ್ನ ಲೆಕ್ಕದಲ್ಲಿ ಹತ್ತು, ಇಪ್ಪತ್ತು ಕೂಡಿಸಿ ಎರಡರಿಂದ ಭಾಗಿಸಿ ಹದಿನೈದು.

"ಭಾನುವಾರದ ಒಂದು ಲೀಟರಿಗೂ ಸೋಮವಾರದ ಒಂಬತ್ತು ಲೀಟರಿಗೂ ನೀನು ಒಂದೇ ಅಳತೆಯ ಕುರ್ಚಿ ಹಾಕಿದ್ದಿ," ಅಂದರು.

ಪ್ರತಿದಿನದ ಕಿಲೋಮೀಟರನ್ನು ಆ ದಿನದ ಆವರೇಜಿನಿಂದ ಭಾಗಿಸಿ ಲೀಟರ್ ತೆಗೆದು, ಲೀಟರ್‌ಗಳನ್ನು ಕೂಡಿಸಿದೆವು. ನೂರ ಮೂವತ್ತೈದು. ಇಪ್ಪತ್ತೈದರ ಕಳ್ಳತನ ಅರ್ಧ ಗಂಟೆಯಲ್ಲಿ ಹದಿನೈದಕ್ಕೆ ಇಳಿಯಿತು. ಆ ಹತ್ತು ಲೀಟರ್ ಕದ್ದವನು ನಾನು.

ಉಳಿದದ್ದಕ್ಕೆ ಗಾಡಿಯನ್ನೇ ಕೇಳಬೇಕು ಎಂದರು. ಮುಂದಿನ ಮೂರು ಶನಿವಾರ ಅವರು ತಮ್ಮ ರಜೆಯನ್ನು ನಮ್ಮ ಆಫೀಸಿನ ಗಾಡಿಗೆ ಕೊಟ್ಟರು. ಒಂದು ಶನಿವಾರ ಸಾಲದೇ ಎಂದರೆ, ಒಂದು ಸಲ ಅಳೆದದ್ದನ್ನು ಅಳತೆ ಎನ್ನುವುದಿಲ್ಲ ಎಂದರು. ಸಾಹೇಬರ ಒಪ್ಪಿಗೆ ನಾನು ತಂದೆ. ಶಿವಚರಣ್ ಓಡಿಸುವುದು, ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಅವರು, ಹಿಂದಿನ ಸೀಟಿನಲ್ಲಿ ಅಪರಾಧಿಯಾಗಿ ನಾನು.

ಪರೀಕ್ಷೆಯ ಕ್ರಮ ಸರಳ. ಬಂಕಿನಲ್ಲಿ ಟ್ಯಾಂಕ್ ತುಂಬಿಸುವುದು, ಅಲ್ಲೇ ಡಿಸ್‌ಪ್ಲೇ ಸೊನ್ನೆ ಮಾಡುವುದು, ಓಖ್ಲಾ, ಗುರುಗ್ರಾಮ, ಘಾಜಿಯಾಬಾದ್ ಎಂದು ದಿನವಿಡೀ ಸುತ್ತುವುದು, ಮತ್ತೆ ಅದೇ ಬಂಕಿನ ಅದೇ ಮೆಷಿನ್ನಿನಲ್ಲಿ, ಅದೇ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ತುಂಬಿಸುವುದು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಗಿದೆ. ಪಂಪಿನ ನಾಝಲ್ ತಾನಾಗಿ 'ಟಕ್' ಎಂದು ನಿಂತಾಗ ನಿಲ್ಲಿಸಬೇಕು. ಅಲ್ಲಿನ ಹುಡುಗರಿಗೋ, ಅದರ ಮೇಲೆ ಇನ್ನಷ್ಟು ಸುರಿದು ಬಿಲ್ಲನ್ನು ಪೂರ್ತಿ ನೂರಕ್ಕೆ ಮುಟ್ಟಿಸದಿದ್ದರೆ ಸಮಾಧಾನವಿಲ್ಲ. ಅವರು ಮೊದಲೇ ಇಳಿದು ಹೋಗಿ, "ಭಯ್ಯಾ, ಟಕ್ ಅಂದ ಮೇಲೆ ಒಂದು ಹನಿಯೂ ಬೇಡ," ಎಂದು ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಶಿವಚರಣ್ ಅಭ್ಯಾಸಬಲದಿಂದ ಗಾಡಿಯ ಹಿಂಭಾಗ ಹಿಡಿದು ಅಲ್ಲಾಡಿಸಲು ಹೋದರು. ಟ್ಯಾಂಕಿನೊಳಗಿನ ಗಾಳಿ ಹೊರಬಂದು ಇನ್ನಷ್ಟು ಪೆಟ್ರೋಲ್ ಹಿಡಿಯುತ್ತದೆ ಎಂದು ಇಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಅದನ್ನೂ ತಡೆದರು.

ದಾರಿಯುದ್ದಕ್ಕೂ ಪಾಠ. ಅವರು ಮುಂದೆ ನೋಡುತ್ತಲೇ ಹೇಳುತ್ತಿದ್ದರು, ಶಿವಚರಣರಿಗೆ ಹಿಂದಿಯಲ್ಲಿ, ನನಗೆ ಕನ್ನಡದಲ್ಲಿ. ಟ್ಯಾಂಕಿನಲ್ಲಿ ತೇಲುವ ಒಂದು ಬುರುಡೆ ಇದೆ. ಅದು ಮುಳ್ಳು ತೋರಿಸಲಿಕ್ಕೆ ಮಾತ್ರ, ಮೈಲೇಜಿನ ಲೆಕ್ಕಕ್ಕೆ ಅದು ತೀರಾ ಒರಟು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಂಬ ಸಣ್ಣ ನಳಿಕೆಗಳು ಒಂದೊಂದು ಸಲಕ್ಕೆ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಹೊತ್ತು ಬಾಯಿ ತೆರೆಯುತ್ತವೆ. ತೆರೆಯಿರಿ ಎಂದು ಆಜ್ಞೆ ಕೊಡುವುದೇ ಕಂಪ್ಯೂಟರ್, ಹಾಗಾಗಿ ಎಷ್ಟು ಹೊತ್ತು ತೆರೆದವು ಎಂದು ಅದಕ್ಕೆ ಗೊತ್ತು. ಇಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಎಂಬ ಅಂಕಿ ಕಾರ್ಖಾನೆಯಲ್ಲೇ ಬರೆದಿಟ್ಟಿರುತ್ತದೆ. ಗುಣಿಸಿ ಕೂಡಿಸುತ್ತ ಹೋಗುತ್ತದೆ. ಚಕ್ರ ಎಷ್ಟು ಸುತ್ತಿತು ಎಂಬುದರಿಂದ ದೂರ. ದೂರವನ್ನು ಪೆಟ್ರೋಲಿನಿಂದ ಭಾಗಿಸಿದರೆ ಪರದೆಯ ಮೇಲಿನ ಅಂಕಿ.

ಫ್ಲೈಓವರಿನ ಇಳಿಜಾರಿನಲ್ಲಿ ಶಿವಚರಣ್ ಗೇರಿನಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಆ ಕ್ಷಣದ ಮೈಲೇಜ್ ೯೯.೯ಕ್ಕೆ ಹಾರಿತು. ನೋಡಿ ಮೇಡಂ, ನೂರು ಕೊಡುತ್ತಿದೆ ಎಂದರು ಶಿವಚರಣ್, ಆ ಶನಿವಾರಗಳಲ್ಲಿ ಮೊದಲ ಸಲ ಮುಖ ಅರಳಿಸಿ. ಇಂಜೆಕ್ಟರಿನ ಬಾಯಿ ಈಗ ಪೂರ್ತಿ ಮುಚ್ಚಿದೆ, ಸೊನ್ನೆಯಿಂದ ಭಾಗಿಸಲು ಅದಕ್ಕೆ ಬರುವುದಿಲ್ಲ, ಪರದೆಯಲ್ಲಿ ಜಾಗ ಇರುವಷ್ಟು ತೋರಿಸುತ್ತದೆ ಎಂದು ಇವರು ವಿವರಿಸಿದರು. ಕೆಳಗಿನ ಸಿಗ್ನಲಿನಲ್ಲಿ ನಿಂತಾಗ ಅದೇ ಅಂಕಿ ಸೊನ್ನೆಗೆ ಬಿತ್ತು.

ಮೂರು ಶನಿವಾರಗಳ ಕೊನೆಗೆ ತೀರ್ಮಾನವಾಯಿತು: ಈ ಗಾಡಿಯ ಡಿಸ್‌ಪ್ಲೇ ನೂರಕ್ಕೆ ಏಳರಷ್ಟು ಜಾಸ್ತಿ ಮೈಲೇಜ್ ಹೇಳುತ್ತದೆ. ಮೂರೂ ಸಲ ಹೆಚ್ಚು ಕಡಿಮೆ ಅಷ್ಟೇ. ಹೀಗೆ ಇನ್ನೊಂದು ಹತ್ತು ಲೀಟರಿಗೆ ಕಾರಣ ಸಿಕ್ಕಿತು. ಹದಿನೈದು ಐದಕ್ಕೆ ಬಂತು.

ಇಪ್ಪತ್ತೈದು, ಹದಿನೈದು, ಐದು. ನಿಜವಾದ ಅಂಕಿಗಳು ಇಷ್ಟು ಚೊಕ್ಕಟವಾಗಿರಲಿಲ್ಲ, ಪಾಯಿಂಟ್ ಹಾಕಿ ಎರಡೆರಡು ಸ್ಥಾನ ಇದ್ದವು. ನೆನಪು ಅವನ್ನು ಒರೆಸಿ ಜೋಡಿಸಿಟ್ಟಿದೆ. ಐದು ಎಂಬುದು ಐದಕ್ಕೆ ಹತ್ತಿರದ ಏನೋ ಆಗಿತ್ತು. ಸೊನ್ನೆ ಆಗಿರಲಿಲ್ಲ, ಅದಂತೂ ಖಂಡಿತ.

ನನಗೆ ಅದು ಸೊನ್ನೆ ಆಗಬೇಕಿತ್ತು. ಮೂರನೇ ಶನಿವಾರ ಸಂಜೆ ಅವರ ಮನೆಯಲ್ಲಿ ಕೂತು ಒಂದರ ಹಿಂದೆ ಒಂದು ಕಾರಣ ಎಸೆದೆ. ಟೈರ್ ಸವೆದಿದೆ, ಕಿಲೋಮೀಟರ್ ತಪ್ಪಿರಬಹುದು ಎಂದೆ. ಬಂಕಿನ ಲೆಕ್ಕಕ್ಕೂ ಡಿಸ್‌ಪ್ಲೇ ಲೆಕ್ಕಕ್ಕೂ ಅದೇ ಕಿಲೋಮೀಟರ್, ಎರಡೂ ಕಡೆ ಒಂದೇ ತಪ್ಪಿದ್ದರೆ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ ಎಂದರು. ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ನಿಂತಿರುತ್ತಾರಲ್ಲ ಎಂದೆ. ಆಗಲೂ ಇಂಜೆಕ್ಟರ್ ತೆರೆದಿರುತ್ತದೆ, ಅದು ಎಣಿಕೆಯಲ್ಲಿ ಬಂದೇ ಬಂದಿದೆ ಎಂದರು. ಅಳತೆಯ ಏರುಪೇರು ಎಂದು ಬರೆಯೋಣ ಎಂದೆ. ತಿಂಗಳಿಗೆ ಹಿಡಿದರೆ ಏರುಪೇರು ಒಂದು ಲೀಟರ್, ಒಂದೂವರೆ; ಐದು ಬರುವುದಿಲ್ಲ ಎಂದರು. ತಮ್ಮ ನೋಟ್‌ಬುಕ್ಕಿನಿಂದ ನೋಡಿ ವರದಿ ಹೇಳಿದರು, ನಾನು ಟೈಪ್ ಮಾಡಿದೆ. ಹತ್ತು ಲೀಟರ್, ಲೆಕ್ಕ ಹಾಕಿದವರ ತಪ್ಪು. ಹತ್ತು ಲೀಟರ್ ಡಿಸ್‌ಪ್ಲೇ ತಪ್ಪು. ಐದು ಲೀಟರ್, ಕಾರಣ ಗೊತ್ತಿಲ್ಲ.

ನಾನು ಕೈ ನಿಲ್ಲಿಸಿದೆ. ಈ ಸಾಲು ನೋಡಿದರೆ ಮ್ಯಾನೇಜರ್ ಬಿಡುವುದಿಲ್ಲ, ಐದು ಲೀಟರ್ ಆದರೂ ಕಳ್ಳತನವೇ ಎನ್ನುತ್ತಾರೆ, ಆ ವಯಸ್ಸಿನಲ್ಲಿ ಶಿವಚರಣರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ಜೋರಾಗಿಯೇ ಕೇಳಿದೆ. ನಿಮಗೆ ಮನುಷ್ಯರಿಗಿಂತ ಅಂಕಿ ಹೆಚ್ಚು ಎಂದೂ ಅಂದೆ.

ಅವರು ಧ್ವನಿ ಏರಿಸಲಿಲ್ಲ. "ನಿನ್ನ ಇಪ್ಪತ್ತೈದರಿಂದ ಅವರ ಕೆಲಸ ಹೋಗ್ಲಿಕ್ಕೆ ಇದ್ದದ್ದು. ನನ್ನ ಐದರಿಂದ ಅಲ್ಲ. ಟೈಪ್ ಮಾಡು."

ಮಾಡಿದೆ.

ಸೋಮವಾರ ಮ್ಯಾನೇಜರ್ ಓದಿದರು. ಅವರು ಎರಡನೇ ಸಾಲು ದಾಟಿದರೋ ಇಲ್ಲವೋ, ಮೊದಲ ಸಾಲಿಗೇ ಬೆರಳಿಟ್ಟು, ಹಾಗಾದರೆ ತಪ್ಪು ನಿನ್ನದು ಎಂದರು. ನನ್ನದು ಎಂದೆ. ರಿಜಿಸ್ಟರ್ ನನ್ನ ಕೈಯಿಂದ ಬೇರೆಯವರಿಗೆ ಹೋಯಿತು. ಶಿವಚರಣ್ ಉಳಿದರು. ಇನ್ನೂ ಆರು ವರ್ಷ ಅದೇ ಗಾಡಿ, ಆಮೇಲೆ ಅದರ ಬದಲಿಗೆ ಬಂದ ಗಾಡಿ ಓಡಿಸಿ ಊರಿಗೆ ಹೋದರು. ನನ್ನೊಂದಿಗೆ ಮಾತು ಮೊದಲಿನಷ್ಟೇ, ಅಂದರೆ ಕಡಿಮೆ. ಇವರ ವಿಷಯ ಬಂದರೆ ಮಾತ್ರ, ಮೇಡಂ ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಸಂಚಿಕೆಯವರಿಗೆ ಸಾಕು. ಸಾವಿನ ಸುದ್ದಿ ಬಂದ ಮೇಲೆ ಆ ಮೊದಲ ಶನಿವಾರ ಬೆಳಗ್ಗೆ ನಡೆದ ಒಂದು ಮಾತುಕತೆ ನನ್ನನ್ನು ಬಿಡುತ್ತಿಲ್ಲ, ಅದಕ್ಕೆ ಮುಂದುವರಿಸುತ್ತಿದ್ದೇನೆ.

ಹೊರಡುವ ಮೊದಲು ಅವರು ಶಿವಚರಣರನ್ನು ಕೇಳಿದ್ದರು: ದಿನಾ ಬೆಳಗ್ಗೆ ಸೊನ್ನೆ ಮಾಡುವ ಬಟನ್ ಯಾವಾಗ ಒತ್ತುತ್ತೀರಿ? ಸಾಹೇಬರು ಬಂದು ಕೂತ ಮೇಲೆ ಎಂದರು ಶಿವಚರಣ್. ಅದಕ್ಕೂ ಮೊದಲು ಎಂಜಿನ್ ಎಷ್ಟು ಹೊತ್ತು ಓಡುತ್ತಿರುತ್ತದೆ?

"ಒಂದು ನಿಮಿಷವೂ ಇಲ್ಲ ಮೇಡಂ."

"ಯೋಚನೆ ಮಾಡಿ ಹೇಳಿ. ಸಾಹೇಬರು ಬರುವ ಮೊದಲು ಗಾಡಿ ತಣ್ಣಗೆ ಮಾಡಿ ಇಡುವುದಿಲ್ಲವಾ?"

"ಇಲ್ಲ ಮೇಡಂ. ಎಂದೂ ಇಲ್ಲ."

ಅವರು ಬರೆದುಕೊಂಡರು. ಆಗ ನನಗೆ ಆ ಪ್ರಶ್ನೆಯ ತೂಕ ಗೊತ್ತಾಗಲಿಲ್ಲ. ನಿಂತ ಗಾಡಿಯಲ್ಲಿ ಎಸಿ ಹಾಕಬಾರದು ಎಂಬುದು ನಮ್ಮ ಆಫೀಸಿನ ನಿಯಮ. ಡ್ಯಾಶ್‌ಬೋರ್ಡಿನ ಮೇಲೇ ಚೀಟಿ ಅಂಟಿಸಿತ್ತು. ಹಿಂದಿನ ಡ್ರೈವರನ್ನು ಕಳಿಸಿದ್ದು ಅದೇ ಕಾರಣಕ್ಕೆ. ಆದರೆ ದೆಹಲಿಯ ಮೇ ತಿಂಗಳಲ್ಲಿ ಬಿಸಿ ಸೀಟಿನ ಮೇಲೆ ಸಾಹೇಬರನ್ನು ಕೂರಿಸುವ ಡ್ರೈವರ್ ಯಾರಿದ್ದಾನೆ? ಬಟನ್ ಒತ್ತುವ ಮೊದಲು ಉರಿದ ಪೆಟ್ರೋಲ್ ಯಾವ ದಿನದ ಎಣಿಕೆಗೂ ಸೇರುವುದಿಲ್ಲ. ಹಿಂದಿನ ದಿನದ್ದು ಬರೆದಾಗಿದೆ, ಆ ದಿನದ್ದು ಇನ್ನೂ ಶುರುವಾಗಿಲ್ಲ. ದಿನಕ್ಕೆ ಹತ್ತು ಹನ್ನೆರಡು ನಿಮಿಷ ಹಾಗೆ ಓಡಿದ್ದರೆ ತಿಂಗಳಿಗೆ ಸುಮಾರು ಐದು ಲೀಟರ್ ಆಗುತ್ತದೆ. ಇದನ್ನು ನಾನು ಮೊನ್ನೆ ಲೆಕ್ಕ ಹಾಕಿದೆ. ನನಗೆ ಬೇಕಾದ ಉತ್ತರವೇ ಬಂದಿರುವುದರಿಂದ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ.

ಅವರಿಗೆ ಈ ಲೆಕ್ಕ ಹತ್ತು ಸೆಕೆಂಡಿನ ಕೆಲಸ. ಎರಡು ಸಲ ಕೇಳಿದರೆಂದರೆ ಹೊಳೆದಿತ್ತು ಎಂದೇ ಅರ್ಥ. ಆ ಬೆಳಗ್ಗೆ ಶಿವಚರಣ್ ನಮ್ಮ ಕಟ್ಟಡದ ಕೆಳಗೆ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾವು ಒಳಗೆ ಕೂತಾಗ ಸೀಟು ತಣ್ಣಗಿತ್ತು. ಇವರು ಚೀಲದಿಂದ ತೆಳುವಾದ ಶಾಲು ತೆಗೆದು ಹೊದ್ದುಕೊಂಡರು. ಇದು ಆ ಶನಿವಾರವೇ ಇರಬೇಕು. ಆಫೀಸಿನ ಎಸಿಗಾಗಿ ಅವರು ಶಾಲನ್ನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದದ್ದರಿಂದ ಬೇರೆ ಯಾವ ದಿನವಾದರೂ ಇರಬಹುದು.

ಅವರು 'ಕಾರಣ ಗೊತ್ತಿಲ್ಲ' ಎಂದು ಬರೆಸಿದ್ದು ನಿಜಕ್ಕೂ ಗೊತ್ತಿಲ್ಲದೆಯೋ, ಗೊತ್ತಿದ್ದದ್ದನ್ನು ಬರೆದರೆ ಬೇರೆ ತಪ್ಪಿಗೆ ಶಿವಚರಣರ ಕೆಲಸ ಹೋಗುತ್ತದೆ ಎಂದೋ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷ ಅವರ ಕೆಳಗಿನ ಮನೆಯಲ್ಲಿದ್ದೆ. ಕೇಳಬಹುದಿತ್ತು. ಕೇಳಲಿಲ್ಲ.